ಕೆಂಪು ದೀಪ ಉರಿದರೆ ಸಾಲದು

ತೀರ್ಥಹಳ್ಳಿಯಲ್ಲಿ ನನ್ನದು ಬ್ಯಾಟರಿ, ಡೈನಮೊ ರಿಪೇರಿ ಅಂಗಡಿ. ಬರುವುದು ಹೆಚ್ಚಾಗಿ ಜೀಪು, ಪಿಕಪ್, ಟ್ರ್ಯಾಕ್ಟರ್. ಕಳೆದ ಮಳೆಗಾಲದಲ್ಲಿ ಕೊಪ್ಪದ ಕಡೆಯ ತೋಟದವರೊಬ್ಬರು ಹಳೇ ಬಿಎಂಡಬ್ಲ್ಯು ಆರ್ 80 ಬೈಕನ್ನು ಪಿಕಪ್ಪಿಗೆ ಹೇರಿಕೊಂಡು ಬಂದರು. ಆಗುಂಬೆ ಘಾಟಿಯ ತಿರುವಿನಲ್ಲಿ ಸೆಲ್ಫ್ ಎತ್ತದೆ ನಿಂತುಬಿಟ್ಟಿತ್ತಂತೆ. "ಬ್ಯಾಟರಿ ಹಾಕ್ಸಿ ತಿಂಗಳಾಗ್ಲಿಲ್ಲ ಮಾರಾಯ್ರೆ, ಇದು ಎರಡನೇ ಸಲ" ಅಂದರು.

ಬೇರೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದೆ. ಚಾರ್ಜಿಂಗ್ ಶುರುವಾದಾಗ ಆರಬೇಕಾದ ಕೆಂಪು ದೀಪ ಆರಲಿಲ್ಲ. ಬ್ಯಾಟರಿಗೆ ಹಿಡಿದ ನನ್ನ ಮೀಟರಿನಲ್ಲಿ 12.2 ವೋಲ್ಟ್, ನಿಧಾನಕ್ಕೆ ಇಳಿಯುತ್ತಿತ್ತು. ಆಕ್ಸಿಲರೇಟರ್ ಜೋರಾಗಿ ತಿರುವಿದಾಗ ದೀಪ ಪಕ್ಕನೆ ಆರಿತು, ಮೀಟರ್ 13.9ಕ್ಕೆ ಹಾರಿತು. ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಸತ್ತಿಲ್ಲ, ಅದನ್ನು ಎಬ್ಬಿಸುವವರು ಇಲ್ಲ ಅನ್ನಿಸಿತು. ಕೇಳಿದೆ: "ಬೈಕಿನ ಮೀಟರ್ ಬೋರ್ಡಿನ ಬಲ್ಬ್ ಬದಲಾಯಿಸಿದ್ರಾ?"

"ಹೌದು, ಎಲ್ಲಾ ಎಲ್‌ಇಡಿ ಹಾಕ್ಸಿದೀನಿ. ಬೆಳಕು ಚೆನ್ನಾಗಿರುತ್ತಲ್ಲ."

ಬುಲೆಟ್ಟಿನಲ್ಲಿ ಆಲ್ಟರ್ನೇಟರಿನ ತಿರುಗುವ ಭಾಗವಾದ ರೋಟರಿನಲ್ಲಿ ಅಯಸ್ಕಾಂತವೇ ಕೂತಿರುತ್ತದೆ, ತಿರುಗಿದರೆ ಕರೆಂಟು ಬರುತ್ತದೆ. ಇದರ ರೋಟರ್ ಹಾಗಲ್ಲ. ಜೀಪಿನದರಂತೆ ಕಬ್ಬಿಣಕ್ಕೆ ತಂತಿ ಸುತ್ತಿದ್ದು, ಕರೆಂಟು ಕೊಟ್ಟರೆ ಮಾತ್ರ ಅಯಸ್ಕಾಂತವಾಗುತ್ತದೆ. ಆ ಮೊದಲ ಕರೆಂಟು ಬರುವುದು ಕೀಲಿಯಿಂದ ಇದೇ ಕೆಂಪು ಬಲ್ಬಿನ ಒಳಗೆ ಹಾದು, ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಮತ್ತು ತಿರುಗುವ ರೋಟರಿಗೆ ಕರೆಂಟು ಮುಟ್ಟಿಸುವ ಬ್ರಷ್ ದಾಟಿ. ತೋಟದ ಪಂಪ್‌ಸೆಟ್ಟಿಗೆ ಮೊದಲು ಒಂದು ಕೊಡ ನೀರು ಹೊಯ್ಯುತ್ತೇವಲ್ಲ, ಅದೇ ಲೆಕ್ಕ. ಒಮ್ಮೆ ಎತ್ತಿಕೊಂಡರೆ ರೋಟರಿಗೆ ಬೇಕಾದ ಕರೆಂಟನ್ನು ಆಲ್ಟರ್ನೇಟರೇ ಕೊಟ್ಟುಕೊಳ್ಳುತ್ತದೆ. ಆಗ ಬಲ್ಬಿನ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ಬಲ್ಬ್ ಆರುತ್ತದೆ.

3 ವ್ಯಾಟಿನ ಬಲ್ಬ್ ಸುಮಾರು ಕಾಲು ಆಂಪಿಯರ್ ಬಿಡುತ್ತದೆ. ಎಲ್‌ಇಡಿ ಬಿಡುವುದು ಅದರ ಹತ್ತನೇ ಒಂದು ಪಾಲೂ ಇಲ್ಲ, ಆದರೂ ಫಳಫಳ ಉರಿಯುತ್ತದೆ. ಮೋಸ ಆಗುವುದೇ ಇಲ್ಲಿ. ಕಬ್ಬಿಣದಲ್ಲಿ ಉಳಿದ ಚೂರು ಅಯಸ್ಕಾಂತದಿಂದಾಗಿ ವೇಗ ಏರಿದಾಗ ಹೇಗೋ ಎತ್ತಿಕೊಳ್ಳುತ್ತದೆ. ಆದರೆ ಎಂಜಿನ್ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಮಂಜಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು, ತಿರುವು ತಿರುವಿಗೆ ನಿಂತು, ಮೆಲ್ಲಗೆ ಘಾಟಿ ಇಳಿಯುವವನಿಗೆ ಆ ವೇಗ ಎಲ್ಲಿ ಸಿಗಬೇಕು?

ಖಾತ್ರಿ ಮಾಡಿಕೊಳ್ಳಲು ಆಲ್ಟರ್ನೇಟರ್ ಮುಚ್ಚಿರುವ ಎಂಜಿನ್ನಿನ ಮುಂದಿನ ಕವರ್ ಬಿಚ್ಚಿದೆ. ಈ ಬೈಕಿನಲ್ಲಿ ಕವರಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಲೇಬೇಕು. ಕವರ್ ತಗುಲಿ ಶಾರ್ಟ್ ಆದರೆ ಆಲ್ಟರ್ನೇಟರಿನ ಎಸಿಯನ್ನು ಡಿಸಿ ಮಾಡುವ ಡಯೋಡ್ ಬೋರ್ಡೇ ಹೋಗುತ್ತದೆ. ತೆಗೆದ ಮೇಲೆ ನೆಗೆಟಿವ್ ಮತ್ತೆ ಕೊಟ್ಟು, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿ, ಸಣ್ಣ ಸ್ಕ್ರೂಡ್ರೈವರಿನ ತುದಿಯನ್ನು ರೋಟರಿನ ನಡುವಿನ ಬೋಲ್ಟಿಗೆ ಹಿಡಿದೆ. ಏನೂ ಇಲ್ಲ, ಸತ್ತ ಕಬ್ಬಿಣ. ಎಲ್‌ಇಡಿ ಕಿತ್ತು 3 ವ್ಯಾಟಿನ ಬಲ್ಬ್ ಹಾಕಿ ಮತ್ತೆ ಹಿಡಿದಾಗ ತುದಿ ಮೆಲ್ಲಗೆ ಜಗ್ಗಿತು. ಅವರ ಕೈಗೂ ಕೊಟ್ಟೆ, ಜಗ್ಗಿದ್ದು ಅವರಿಗೂ ಗೊತ್ತಾಯಿತು.

ಕೀಲಿ ತಿರುಗಿಸಿದಾಗ ದೀಪ ಉರಿಯದೇ ಇದ್ದರೆ ನಾನು ಬಲ್ಬ್, ನಮ್ಮ ಮಳೆಗೆ ಹಸಿರು ಕಟ್ಟಿದ ಹೋಲ್ಡರ್, ಸವೆದ ಬ್ರಷ್, ಆಮೇಲೆ ರೋಟರಿನ ತಂತಿ ನೋಡುತ್ತೇನೆ. ರೋಟರಿನಲ್ಲಿ ಬ್ರಷ್ ಉಜ್ಜುವ ಎರಡು ರಿಂಗುಗಳ ನಡುವೆ ಅಳೆದಾಗ ಮೂರೂವರೆ ಓಮ್ ಹತ್ತಿರ ಬಂದದ್ದರಿಂದ ಇಲ್ಲಿ ತಂತಿ ಸರಿ ಇತ್ತು. ಹೋಲ್ಡರ್ ಉಜ್ಜಿ, ಬಲ್ಬಿನ ಎರಡೂ ತುದಿಗೆ ಸೇರುವಂತೆ 47 ಓಮಿನ 5 ವ್ಯಾಟ್ ರೆಸಿಸ್ಟರ್ ಬೆಸೆದೆ. ದಾರಿಯಲ್ಲಿ ಬಲ್ಬ್ ಸುಟ್ಟರೂ ರೋಟರಿಗೆ ಮೊದಲ ಕರೆಂಟು ತಪ್ಪಬಾರದು. ಕೀಲಿ ಹಾಕಿ ಎಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟರೆ ರೆಸಿಸ್ಟರ್ ಬಿಸಿಯಾಗುತ್ತದೆ, ಹಾಗಾಗಿ ವೈರಿಂಗಿಗೆ ತಾಗದಂತೆ ಕಟ್ಟಿದೆ.

ಅವರು ಹೊರಡುವಾಗ ಮಳೆ ಹಿಡಿದಿತ್ತು. ಹೆಡ್‌ಲೈಟ್ ಹಾಕಿಸಿದೆ. ಆಕ್ಸಿಲರೇಟರ್ ಒಂಚೂರು ತಿರುವಿದಾಗಲೇ ಕೆಂಪು ದೀಪ ಆರಿತು, ಮೀಟರಿನಲ್ಲಿ 13.7 ಬಂತು.