23 ಎಕರೆಯ ನಕ್ಷೆ: ಕ್ಯೂಜಿಐಎಸ್ ಕಲಿತ ನನ್ನ ಅನುಭವ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಕುಟುಂಬಕ್ಕೆ 23 ಎಕರೆಗೆ ತುಸು ಹೆಚ್ಚಿನ ಕಾಫಿ ತೋಟವಿದೆ. ಹೆಚ್ಚಿನದು ರೊಬಸ್ಟಾ, ಮೇಲಿನ ಏರಿನಲ್ಲಿ ಒಂದಿಷ್ಟು ಅರೇಬಿಕಾ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಗೊಬ್ಬರ, ಕೂಲಿ, ಕೊಯ್ಲಿನ ಲೆಕ್ಕವೆಲ್ಲ ಅಪ್ಪನ ಉದ್ದನೆಯ ನೋಟ್‌ಬುಕ್‌ಗಳಲ್ಲಿ ಅಚ್ಚುಕಟ್ಟಾಗಿತ್ತು. ಆದರೆ ಯಾವ ಬ್ಲಾಕ್ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ; ಅದು ಅಪ್ಪನಿಗೂ ನಮ್ಮ ಮೇಸ್ತ್ರಿಗೂ ಮಾತ್ರ ತಿಳಿದಿತ್ತು. ಅಪ್ಪ ತೀರಿಕೊಂಡ ಮರುವರ್ಷ ಸ್ಪ್ರಿಂಕ್ಲರ್ ಪೈಪನ್ನು ಹೊಸದಾಗಿ ಹಾಕಿಸಬೇಕಾಗಿ ಬಂದಾಗ, ಕೆರೆಯಿಂದ ಮೇಲಿನ ಬ್ಲಾಕಿಗೆ ಎಷ್ಟು ದೂರ, ಆ ಬ್ಲಾಕಿನ ವಿಸ್ತೀರ್ಣ ಎಷ್ಟು ಎಂದು ಕೇಳಿದವರಿಗೆ ನನ್ನಿಂದ ಉತ್ತರ ಕೊಡಲಾಗಲಿಲ್ಲ. ತೋಟದ ನಕ್ಷೆಯನ್ನು ನಾನೇ ಬರೆಯಬೇಕೆಂದು ತೀರ್ಮಾನಿಸಿದ್ದು ಆಗ.

ಇದಕ್ಕಾಗಿ ಆರಿಸಿಕೊಂಡದ್ದು ಕ್ಯೂಜಿಐಎಸ್ ಎಂಬ ತಂತ್ರಾಂಶವನ್ನು. ಗ್ಯಾರಿ ಶೆರ್ಮನ್ ಎಂಬವರು 2002ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ನಡೆಯುತ್ತದೆ. ಹೊಸಬರು ತೀರ ಈಚಿನ ಆವೃತ್ತಿಗಿಂತ ದೀರ್ಘಾವಧಿ ಬೆಂಬಲವಿರುವ ಆವೃತ್ತಿಯನ್ನು ಇಳಿಸಿಕೊಳ್ಳುವುದು ಒಳ್ಳೆಯದು ಎಂಬುದಷ್ಟನ್ನೇ ಹೇಳಿ ಮುಂದೆ ಹೋಗುತ್ತೇನೆ. ಅನುಸ್ಥಾಪನೆಯಲ್ಲಿ ಕಷ್ಟವೇನೂ ಇಲ್ಲ.

ಕಷ್ಟ ಬಂದದ್ದು ನಾನು ಗೆರೆ ಎಳೆಯಲು ಅವಸರಪಟ್ಟದ್ದರಿಂದ. ಉಪಗ್ರಹ ಚಿತ್ರವನ್ನು ಹಿನ್ನೆಲೆಯಾಗಿ ತೆರೆದು, ಒಂದು ವಾರ ರಾತ್ರಿಯೆಲ್ಲ ಕುಳಿತು ಬ್ಲಾಕ್, ದಾರಿ, ತೋಡು (ಸಣ್ಣ ಹಳ್ಳ) ಎಲ್ಲವನ್ನೂ ಬಿಡಿಸಿದೆ. ಕೆಲವು ಫೈಲ್‌ಗಳು ಡೆಸ್ಕ್‌ಟಾಪ್‌ನಲ್ಲಿದ್ದವು, ಕೆಲವು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಹೆಸರುಗಳು ‘ತೋಟ’, ‘ತೋಟ ಹೊಸದು’, ‘ತೋಟ ಹೊಸದು 2’ ಎಂಬಂತೆ. ಮೈಸೂರಿನಲ್ಲಿರುವ ತಮ್ಮನಿಗೆ ತೋರಿಸೋಣವೆಂದು ಪ್ರಾಜೆಕ್ಟ್ ಫೈಲನ್ನು ಮೇಲ್ ಮಾಡಿದೆ. ಅವನು ಅದನ್ನು ತೆರೆದಾಗ ಒಂದು ಗೆರೆಯೂ ಕಾಣಲಿಲ್ಲ. ಲೇಯರ್‌ಗಳು, ಅಂದರೆ ಬ್ಲಾಕ್, ದಾರಿ ಎಂದು ಒಂದೊಂದು ಬಗೆಯ ಗೆರೆಗಳಿರುವ ಪದರಗಳು, ಸಿಗುತ್ತಿಲ್ಲ ಎಂಬ ಎಚ್ಚರಿಕೆ ಮಾತ್ರ ಬಂತು. ಕ್ಯೂಜಿಐಎಸ್‌ನ ಪ್ರಾಜೆಕ್ಟ್ ಫೈಲಿನಲ್ಲಿ ನಾವು ಬರೆದ ಗೆರೆಗಳು ಇರುವುದಿಲ್ಲ, ಆ ಗೆರೆಗಳಿರುವ ಫೈಲ್‌ಗಳ ವಿಳಾಸ, ಬಣ್ಣ, ಜೋಡಣೆಯ ವಿವರ ಮಾತ್ರ ಇರುತ್ತದೆ ಎಂಬುದು ನನಗೆ ತಿಳಿದದ್ದು ಹಾಗೆ. ನೋಟ್‌ಬುಕ್ ಕಳಿಸುತ್ತಿದ್ದೇನೆಂದುಕೊಂಡು ಅದರ ಪರಿವಿಡಿಯನ್ನಷ್ಟೇ ಕಳಿಸಿದ್ದೆ.

ಎರಡನೆಯ ಸಲ ತಮ್ಮನಿಗೆ ಗೆರೆಗಳಿರುವ ಶೇಪ್‌ಫೈಲನ್ನೇ ಕಳಿಸಿದೆ, ಅದೂ ತೆರೆದುಕೊಳ್ಳಲಿಲ್ಲ. ಶೇಪ್‌ಫೈಲ್ ಎನ್ನುವುದು ಹೆಸರಿಗೆ ಒಂದು ಫೈಲಾದರೂ ಆಕಾರಕ್ಕೊಂದು, ಸೂಚಿಗೊಂದು, ಕೋಷ್ಟಕಕ್ಕೊಂದು, ನಿರ್ದೇಶಾಂಕ ಪದ್ಧತಿಗೊಂದು (ಸ್ಥಳವನ್ನು ಅಂಕಿಗಳಲ್ಲಿ ಗುರುತಿಸುವ ವಿಧಾನ) ಎಂದು ಹಲವು ಫೈಲ್‌ಗಳ ಗುಂಪು. ಗುಂಪಿನಲ್ಲಿ ಒಂದನ್ನೇ ಕಳಿಸಿದರೆ ಪ್ರಯೋಜನವಿಲ್ಲ. ಜೊತೆಗೆ, ಅದರಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಸೀಮಿತ, ಆ 10 ಕೂಡ ಇಂಗ್ಲಿಷ್ ಲೆಕ್ಕದ್ದು, ಅಂದರೆ ಅಕ್ಷರಕ್ಕೆ ಒಂದೇ ಬೈಟ್. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ ‘ವಿಸ್ತೀರ್ಣ’ ಎಂಬ ಕಾಲಂ ಹೆಸರು ನಡುವೆಯೇ ತುಂಡಾಗುತ್ತದೆ. ಆದ್ದರಿಂದ ಎಲ್ಲವನ್ನೂ ಬಿಟ್ಟು ಜಿಯೋಪ್ಯಾಕೇಜ್ ಮಾದರಿಗೆ ಬಂದೆ. ಒಂದೇ ಫೈಲಿನೊಳಗೆ ಬ್ಲಾಕ್, ದಾರಿ, ಪೈಪ್, ಮರ, ಕೊಯ್ಲಿನ ಕೋಷ್ಟಕ ಎಲ್ಲವೂ ಬೇರೆ ಬೇರೆ ಲೇಯರ್‌ಗಳಾಗಿ ಇರುತ್ತವೆ, ಕನ್ನಡ ಕೆಡುವುದಿಲ್ಲ. ಹಳೆಯ ಶೇಪ್‌ಫೈಲ್‌ಗಳು ಎದುರಾದರೆ ಮೊದಲು ಜಿಯೋಪ್ಯಾಕೇಜ್‌ಗೆ ಸೇರಿಸಿಕೊಂಡು ಆಮೇಲೆ ಕೆಲಸ ಆರಂಭಿಸುವುದು ಈಗ ನನ್ನ ರೂಢಿ.

ಆಮೇಲೆ ಒಂದೇ ಫೋಲ್ಡರ್ ಮಾಡಿಕೊಂಡೆ. ಅದರೊಳಗೆ ಮೂರು ಭಾಗ: ಹೊರಗಿನಿಂದ ತಂದ, ನಾನು ಎಂದೂ ತಿದ್ದದ ಮೂಲ ಫೈಲ್‌ಗಳು, ನಾನು ಬರೆಯುವ ಜಿಯೋಪ್ಯಾಕೇಜ್, ಮುದ್ರಣಕ್ಕೆ ತೆಗೆದ ಪಿಡಿಎಫ್‌ಗಳು. ಪ್ರಾಜೆಕ್ಟ್ ಫೈಲ್ ಈ ಮೂರರ ಪಕ್ಕದಲ್ಲಿಯೇ ಇರುತ್ತದೆ. ವಿಳಾಸಗಳನ್ನು ಸಾಪೇಕ್ಷವಾಗಿ ಉಳಿಸುವ ಆಯ್ಕೆ ಪ್ರಾಜೆಕ್ಟಿನಲ್ಲಿ ಇರುವುದರಿಂದ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಎಲ್ಲಿ ತೆರೆದರೂ ಎಲ್ಲ ಲೇಯರ್‌ಗಳೂ ತಮ್ಮ ಜಾಗದಲ್ಲಿ ಸಿಗುತ್ತವೆ. ನಕಲು ಮಾಡುವ ಮೊದಲು ಕ್ಯೂಜಿಐಎಸ್ ಮುಚ್ಚಲೇಬೇಕು. ತೆರೆದಿರುವಾಗ ಜಿಯೋಪ್ಯಾಕೇಜ್‌ನ ಪಕ್ಕದಲ್ಲಿ ಹುಟ್ಟುವ ಇನ್ನೆರಡು ಸಣ್ಣ ಫೈಲ್‌ಗಳಲ್ಲಿ ಇತ್ತೀಚಿನ ತಿದ್ದುಪಡಿಗಳು ಉಳಿದಿರಬಹುದು, ಮುಖ್ಯ ಫೈಲನ್ನಷ್ಟೇ ನಕಲು ಮಾಡಿದರೆ ಅವು ಬರುವುದಿಲ್ಲ.

ನಿರ್ದೇಶಾಂಕ ಪದ್ಧತಿಯ ವಿಷಯದಲ್ಲಿ ಕೊಡಗಿನವರಿಗೆ ಒಂದು ಅನುಕೂಲವಿದೆ. ಇಡೀ ಜಿಲ್ಲೆ ಪೂರ್ವ ರೇಖಾಂಶ 75ರಿಂದ 77ರ ನಡುವೆಯೇ ಮುಗಿಯುತ್ತದೆ. ಭೂಮಿಯನ್ನು ವಲಯಗಳಾಗಿ ಹಂಚಿ ಸ್ಥಳವನ್ನು ಮೀಟರುಗಳಲ್ಲಿ ಹೇಳುವ ಯುಟಿಎಂ ಪದ್ಧತಿಯ 43ನೆಯ ವಲಯ 72ರಿಂದ 78ರವರೆಗೆ ಹರಡಿದೆ. ಹಾಗಾಗಿ ತಲಕಾವೇರಿಯಿಂದ ಕುಶಾಲನಗರದವರೆಗೆ, ಶನಿವಾರಸಂತೆಯಿಂದ ಕುಟ್ಟದವರೆಗೆ ಎಲ್ಲಕ್ಕೂ ಒಂದೇ ವಲಯ ಸಾಕು. ಕ್ಯೂಜಿಐಎಸ್‌ನ ನಿರ್ದೇಶಾಂಕ ಪದ್ಧತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ 32643. ಫೋನ್ ಕೊಡುವುದು ಡಿಗ್ರಿಗಳಲ್ಲಿ, ಅದರ ಸಂಖ್ಯೆ 4326. ಒಂದರಿಂದ ಇನ್ನೊಂದಕ್ಕೆ ಹೋಗುವುದೆಂದರೆ ಲೇಯರನ್ನು ಹೊಸ ಪದ್ಧತಿಗೆ ಪರಿವರ್ತಿಸಿ ಬೇರೆಯಾಗಿ ಉಳಿಸುವುದೇ ಹೊರತು ಹಣೆಪಟ್ಟಿ ಬದಲಿಸುವುದಲ್ಲ. ನಾನು ಹಣೆಪಟ್ಟಿ ಬದಲಿಸಿದ್ದೆ. ಫೋನಿನಿಂದ ತಂದ ಬಿಂದುಗಳೆಲ್ಲ ಮಾಯವಾದವು. ‘ಜೂಮ್ ಟು ಲೇಯರ್’ ಒತ್ತಿದಾಗ ಅವು ಮಾಲ್ಡೀವ್ಸ್‌ಗೂ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಬಳಿ ಸಮುದ್ರದಲ್ಲಿದ್ದವು. 75 ಡಿಗ್ರಿ ಎಂಬ ಸಂಖ್ಯೆಯನ್ನು 75 ಮೀಟರ್ ಎಂದು ಓದಿದರೆ ಆಗುವುದು ಅದೇ. ಈ ತಪ್ಪು ಒಂದು ಬಾರಿ ಅರ್ಥವಾದರೆ ನಿರ್ದೇಶಾಂಕದ ಬಗೆಗಿನ ಅರ್ಧ ಗೊಂದಲ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಹಿನ್ನೆಲೆ ಚಿತ್ರ. ಬಯಲುಸೀಮೆಯ ಹೊಲದ ಬದು ಉಪಗ್ರಹ ಚಿತ್ರದಲ್ಲಿ ಗೆರೆಯಂತೆ ಕಾಣುತ್ತದೆ. ನಮ್ಮಲ್ಲಿ ಮೇಲಿನಿಂದ ಕಾಣುವುದು ಸಿಲ್ವರ್ ಓಕ್, ಹಾಲುವಾಣ, ಹಲಸಿನ ತಲೆಗಳು ಮಾತ್ರ. ಕಾಫಿಯೂ ಕಾಣದು, ಬೇಲಿಯೂ ಕಾಣದು. ಹಾಗಾಗಿ ಗಡಿಯನ್ನು ನಡೆದೇ ಗುರುತಿಸಬೇಕಾಯಿತು. ಕ್ಯೂಜಿಐಎಸ್‌ಗೆ ಹೊಂದುವ ಕ್ಯೂಫೀಲ್ಡ್ ಎಂಬ ಆ್ಯಪನ್ನು ಫೋನಿಗೆ ಹಾಕಿಕೊಂಡು, ಮೇಸ್ತ್ರಿಯೊಡನೆ ಮೂರು ದಿನ ಬೇಲಿಯ ಉದ್ದಕ್ಕೂ ನಡೆದೆ. ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಸರಿಯಿರುತ್ತದೆ. ಮರಗಳ ಕೆಳಗೆ ಅದು ಇನ್ನಷ್ಟು ಹೊಯ್ದಾಡುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಪ್ರತಿ ಮೂಲೆಯಲ್ಲೂ ಎರಡು ಮೂರು ನಿಮಿಷ ನಿಂತು, ಆ್ಯಪ್ ತೋರಿಸುವ ನಿಖರತೆಯ ಅಂಕಿ ಇಳಿದ ಮೇಲೆ ಬಿಂದು ದಾಖಲಿಸುವುದು. ಉಪಗ್ರಹ ಚಿತ್ರವೂ ಕೆಲವು ಮೀಟರ್ ಸರಿದಿರಬಹುದು. ಮನೆಯ ಮುಂದಿನ ಸಿಮೆಂಟ್ ಕಣದ ನಾಲ್ಕು ಮೂಲೆಗಳು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಅಲ್ಲಿನ ಫೋನ್ ಬಿಂದುಗಳೊಂದಿಗೆ ಹೋಲಿಸಿ ಚಿತ್ರ ಎಷ್ಟು ಸರಿದಿದೆ ಎಂದು ಅಳೆದುಕೊಂಡೆ.

ಗ್ರಾಮ ನಕ್ಷೆಯ ಸ್ಕ್ಯಾನ್ ಪ್ರತಿಯನ್ನೂ, ಚಿತ್ರವನ್ನು ನೆಲದ ಮೇಲಿನ ಅದರ ಜಾಗಕ್ಕೆ ಹೊಂದಿಸುವ ಜಿಯೋರೆಫರೆನ್ಸರ್ ಎಂಬ ಉಪಕರಣದಲ್ಲಿ ಕೂರಿಸಿದೆ. ಮೊದಲು ರಸ್ತೆಯ ಬದಿಯ ಮೂರೇ ಗುರುತುಗಳನ್ನು ಕೊಟ್ಟಾಗ ದೋಷ ಸೊನ್ನೆ ಎಂದು ತೋರಿಸಿತು, ಬಹಳ ಸಂತೋಷವಾಯಿತು. ಆದರೆ ನಾನು ಆರಿಸಿದ್ದ ‘ಪಾಲಿನಾಮಿಯಲ್ 1’ ಎಂಬ ಪರಿವರ್ತನೆಗೆ ಮೂರು ಬಿಂದುಗಳು ಕನಿಷ್ಠ ಅಗತ್ಯ. ಮೂರೇ ಕೊಟ್ಟರೆ ಗುರುತುಗಳು ತಪ್ಪಿದ್ದರೂ ದೋಷ ಸೊನ್ನೆಯೇ ಬರುತ್ತದೆ. ತೋಟದ ನಾಲ್ಕು ದಿಕ್ಕಿಗೂ ಹರಡಿದ ಏಳು ಗುರುತುಗಳನ್ನು, ಸಾಧ್ಯವಾದಲ್ಲೆಲ್ಲ ಸರ್ವೆ ಕಲ್ಲುಗಳನ್ನೇ, ಕೊಟ್ಟಾಗ ಸುಮಾರು 6 ಮೀಟರಿನ ದೋಷ ಕಂಡಿತು, ಅದು ನಿಜವಾದ ಅಂಕಿ. ಈ ನಕ್ಷೆ ನಮ್ಮ ತೋಟದ ಕೆಲಸಕ್ಕೆ ಸಾಕು, ಗಡಿಯ ತಕರಾರಿಗೆ ಅಲ್ಲ. ಅಲ್ಲಿ ಸರ್ಕಾರಿ ಭೂಮಾಪಕರ ಅಳತೆಯೇ ಮಾನ್ಯ. ಇದನ್ನು ನಾನು ಮುದ್ರಿಸುವ ಪ್ರತಿ ಹಾಳೆಯ ಕೆಳಗೂ ಬರೆದಿರುತ್ತೇನೆ.

ಚಿತ್ರ ಬಿಡಿಸುವುದರಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಒಂದು ಕೂಡುವ ಲೆಕ್ಕದಿಂದ. ಹೊರಗಡಿಯ ವಿಸ್ತೀರ್ಣ 23 ಎಕರೆ 38 ಸೆಂಟ್ ಬಂದಿತ್ತು; ಒಳಗಿನ ಒಂಬತ್ತು ಬ್ಲಾಕ್‌ಗಳನ್ನು ಕೂಡಿದರೆ 24 ಎಕರೆ 50 ಸೆಂಟ್. ಇಲ್ಲದ 1 ಎಕರೆ 12 ಸೆಂಟ್ ಎಲ್ಲಿಂದ ಬಂತು? ಪ್ರತಿ ಬ್ಲಾಕನ್ನೂ ಬೇರೆ ಬೇರೆ ಪಾಲಿಗಾನ್ (ಸುತ್ತಲೂ ಗೆರೆಯಿಂದ ಮುಚ್ಚಿದ ಆಕಾರ) ಆಗಿ ಕಣ್ಣಂದಾಜಿನಲ್ಲಿ ಬರೆದಿದ್ದರಿಂದ ಒಂದರ ಅಂಚು ಇನ್ನೊಂದರ ಮೇಲೆ ಏರಿತ್ತು, ಕೆಲವು ಕಡೆ ನಡುವೆ ಎಳೆಯಷ್ಟು ಖಾಲಿ ಜಾಗವೂ ಇತ್ತು. ರೊಬಸ್ಟಾವನ್ನು 10 ಅಡಿಗೆ 10 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 435 ಗಿಡ. ಆ ಲೆಕ್ಕದಲ್ಲಿ ಇಲ್ಲದ 487 ಗಿಡಗಳಿಗೆ ಗೊಬ್ಬರ ತರಿಸಬೇಕಾಗುತ್ತಿತ್ತು.

ಎಲ್ಲವನ್ನೂ ಅಳಿಸಿ ಬೇರೆ ಕ್ರಮದಲ್ಲಿ ಬರೆದೆ. ಮೊದಲು ಹೊರಗಡಿಯನ್ನು ಒಂದೇ ಪಾಲಿಗಾನ್ ಆಗಿ ನಿಧಾನವಾಗಿ ಬರೆದು, ಆಮೇಲೆ ‘ಸ್ಪ್ಲಿಟ್ ಫೀಚರ್ಸ್’ ಉಪಕರಣದಿಂದ ದಾರಿಯ ಗೆರೆ, ತೋಡಿನ ಗೆರೆ ಹಿಡಿದು ಕತ್ತರಿಸುತ್ತ ಹೋದೆ. ಒಂದೇ ರೊಟ್ಟಿಯನ್ನು ತುಂಡು ಮಾಡಿದ ಹಾಗೆ, ತುಂಡುಗಳ ನಡುವೆ ಸಂದು ಉಳಿಯುವುದಿಲ್ಲ, ಒಂದರ ಮೇಲೊಂದು ಏರುವುದೂ ಇಲ್ಲ. ಕತ್ತರಿಸಿದಾಗ ಎರಡೂ ತುಂಡುಗಳು ಹಳೆಯ ಬ್ಲಾಕಿನ ಮಾಹಿತಿಯನ್ನೇ ಹೊತ್ತಿರುತ್ತವೆ, ಆದ್ದರಿಂದ ಕೂಡಲೇ ಹೆಸರು ಬದಲಿಸಬೇಕು. ಆಮೇಲೆ ಮೂಲೆಗಳನ್ನು ತಿದ್ದುವಾಗ ಸ್ನ್ಯಾಪಿಂಗ್ (ಗೆರೆ ಹತ್ತಿರದ ಮೂಲೆಗೆ ತಾನಾಗಿ ಅಂಟುವುದು) ಮತ್ತು ಟೋಪೋಲಾಜಿಕಲ್ ಎಡಿಟಿಂಗ್ (ಅಕ್ಕಪಕ್ಕದ ಆಕಾರಗಳನ್ನು ಒಟ್ಟಿಗೆ ತಿದ್ದುವುದು) ಎರಡೂ ಆನ್ ಆಗಿರಲೇಬೇಕು. ಆಗ ಎರಡು ಬ್ಲಾಕ್‌ಗಳು ಹಂಚಿಕೊಂಡಿರುವ ಮೂಲೆಯನ್ನು ಎಳೆದರೆ ಎರಡೂ ಒಟ್ಟಿಗೆ ಸರಿಯುತ್ತವೆ. ತೋಡಿನ ಗೆರೆಯನ್ನು ನೀರು ಹರಿಯುವ ದಿಕ್ಕಿನಲ್ಲಿ, ಪೈಪಿನ ಗೆರೆಯನ್ನು ಪಂಪಿನಿಂದ ಹೊರಟು ಬರೆಯುವ ರೂಢಿಯನ್ನೂ ಮಾಡಿಕೊಂಡೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಲೇಯರಿನ ತಿದ್ದುಪಡಿ ಉಳಿಸುವ ಗುಂಡಿಯನ್ನು ಒತ್ತುತ್ತೇನೆ. ಪ್ರಾಜೆಕ್ಟ್ ಉಳಿಸಿದ ಮಾತ್ರಕ್ಕೆ ಲೇಯರ್ ಉಳಿದಂತಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ದಿನದ ಮಾತು, ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮಾಹಿತಿಯ ಕೋಷ್ಟಕಕ್ಕೆ ಬಂದಾಗ ಬೇರೆಯೇ ಸಮಸ್ಯೆ ಎದುರಾಯಿತು. ಅಪ್ಪನ ಪುಸ್ತಕದಲ್ಲಿ ‘ಕೆರೆ ಪಟ್ಟಿ’ ಎಂದಿದ್ದುದನ್ನು ಮೇಸ್ತ್ರಿ ‘ಹಲಸಿನ ಬ್ಲಾಕ್’ ಎನ್ನುತ್ತಾರೆ, ತಮ್ಮ ‘ಕೆಳಗಿನ ತೋಟ’ ಎನ್ನುತ್ತಾನೆ. ಮೂರನ್ನೂ ಉಳಿಸಿಕೊಂಡೆ, ಆದರೆ ಪ್ರತಿ ಬ್ಲಾಕಿಗೂ ಎಂದಿಗೂ ಬದಲಾಗದ ಒಂದು ಸಂಕೇತ ಕೊಟ್ಟೆ. ಎಲ್ಲ ಲೆಕ್ಕವೂ ಆ ಸಂಕೇತಕ್ಕೆ ಅಂಟಿಕೊಂಡಿದೆ. ತಳಿಯ ಕಾಲಮಿನಲ್ಲಿ ‘ಎಸ್ 795’ ಎಂಬುದನ್ನೇ ನಾನು ನಾಲ್ಕು ರೀತಿ ಟೈಪ್ ಮಾಡಿದ್ದೆ, ಹುಡುಕುವಾಗ ಒಂದು ಸಿಕ್ಕರೆ ಮೂರು ತಪ್ಪುತ್ತಿದ್ದವು. ಈಗ ‘ವ್ಯಾಲ್ಯೂ ಮ್ಯಾಪ್’ ಮೂಲಕ ಪಟ್ಟಿಯಿಂದ ಆರಿಸುವಂತೆ ಮಾಡಿದ್ದೇನೆ. ಕೊಯ್ಲನ್ನು ವರ್ಷಕ್ಕೊಂದು ಕಾಲಂ ಎಂದು ಬ್ಲಾಕಿನ ಲೇಯರಿಗೇ ಸೇರಿಸುವುದು ತಪ್ಪು ದಾರಿ. ಅದಕ್ಕೆ ಪ್ರತ್ಯೇಕ ಕೋಷ್ಟಕ ಬೇಕು: ಸಂಕೇತ, ವರ್ಷ, 50 ಕೆ.ಜಿ.ಯ ಚೀಲಗಳ ಸಂಖ್ಯೆ, ಅಷ್ಟೇ. ಕಾಲಮಿನ ಹೆಸರನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿಟ್ಟು, ಪರದೆಯ ಮೇಲೆ ಕಾಣುವ ಅಡ್ಡಹೆಸರನ್ನು ಕನ್ನಡದಲ್ಲಿ ಕೊಡುತ್ತೇನೆ. ತೋಟದ ರೈಟರ್ ಹಿಂದೆ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳನ್ನೇ ಕನ್ನಡದ ರೂಪದಲ್ಲಿ ತೋರಿಸುವ ಹಳೆಯ ಫಾಂಟ್) ಟೈಪ್ ಮಾಡಿಟ್ಟಿದ್ದ ಪಟ್ಟಿಯನ್ನು ಸೇರಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಕನ್ನಡವಾಯಿತು. ಹಳೆಯ ಕಡತಗಳಲ್ಲಿ ನಮ್ಮ ತಾಲ್ಲೂಕು ಸೋಮವಾರಪೇಟೆ, ಈಗ ಕುಶಾಲನಗರ. ಎರಡನ್ನೂ ಬೇರೆ ಬೇರೆ ಕಾಲಮಿನಲ್ಲಿ ಇಟ್ಟಿದ್ದೇನೆ, ಯಾಕೆಂದರೆ ಹಳೆಯ ಕಾಗದ ಹುಡುಕುವಾಗ ಹಳೆಯ ಹೆಸರೇ ಬೇಕು.

ಇಳಿಜಾರಿನ ನೆಲದವರು ಒಂದು ವಿಷಯ ನೆನಪಿಡಬೇಕು. ನಕ್ಷೆ ಕೊಡುವ ವಿಸ್ತೀರ್ಣವೂ ಉದ್ದವೂ ಮೇಲಿನಿಂದ ನೋಡಿದ ಸಮತಟ್ಟಿನ ಅಳತೆ. 30 ಡಿಗ್ರಿ ಇಳಿಜಾರಿನಲ್ಲಿ ನಕ್ಷೆಯ ಒಂದು ಎಕರೆಗೆ ನೆಲದ ಮೇಲ್ಮೈ ಸುಮಾರು 1 ಎಕರೆ 15 ಸೆಂಟ್ ಇರುತ್ತದೆ. ಇದಕ್ಕೆ ಹೋಲಿಸಿದರೆ, ದುಂಡಗಿನ ಭೂಮಿಯನ್ನು ಸಮತಟ್ಟು ನಕ್ಷೆಗೆ ಇಳಿಸುವಾಗ ಯುಟಿಎಂ ಪದ್ಧತಿಯಲ್ಲಿ ಬರುವ ವ್ಯತ್ಯಾಸ ನಮ್ಮ ಭಾಗದಲ್ಲಿ ನೂರು ಎಕರೆಗೆ ಹತ್ತು ಸೆಂಟ್ ಕೂಡ ಆಗದು, ಅದರ ಚಿಂತೆ ಬೇಡ.

ನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿ ಮೇಸ್ತ್ರಿಗೆ ಕೊಟ್ಟಾಗ ಅವರು ಬಹಳ ಹೊತ್ತು ನೋಡಿ, “ಅಕ್ಕಾ, ತೋಡು ಇಲ್ಲಿ ಅತ್ತಿ ಮರದ ಆಚೆಯಿಂದ ಹೋಗುತ್ತದೆ, ನೀವು ಈಚೆಗೆ ಬರೆದಿದ್ದೀರಿ” ಎಂದರು. ಮರುದಿನ ಹೋಗಿ ನೋಡಿದರೆ ಅವರು ಹೇಳಿದ್ದೇ ಸರಿ. ನಾನು ಬಿಂದು ತೆಗೆದುಕೊಂಡಿದ್ದ ಜಾಗದಲ್ಲಿ ಮರಗಳ ನೆರಳು ದಟ್ಟವಾಗಿತ್ತು. ವರ್ಟೆಕ್ಸ್ ಉಪಕರಣದಿಂದ ಆರು ಮೂಲೆಗಳನ್ನು ಸರಿಸಿ, ಬದಲಾಯಿಸಿದ ದಿನಾಂಕವನ್ನೂ ಯಾರ ಮಾತಿನಿಂದ ಎಂಬುದನ್ನೂ ಕೋಷ್ಟಕದಲ್ಲಿ ಬರೆದೆ. ಪೈಪಿನ ದಾರಿಯೂ ಅದರೊಂದಿಗೆ ಬದಲಾಯಿತು. ಹೊಸ ಗೆರೆ ನಕ್ಷೆಯಲ್ಲಿ 640 ಮೀಟರ್. ಆ ದಾರಿಯ ಸರಾಸರಿ ಇಳಿಜಾರು 18 ಡಿಗ್ರಿ ಎಂದು ಹಿಡಿದಾಗ ನೆಲದ ಮೇಲೆ ಸುಮಾರು 673 ಮೀಟರ್. 6 ಮೀಟರಿನ ಪೈಪ್ 113 ಬೇಕಿತ್ತು. ಎರಡು ಹೆಚ್ಚಿಗೆ ಸೇರಿಸಿ 115 ತರಿಸಿದೆವು, ಹಾಕಿ ಮುಗಿಸಿದಾಗ ಒಂದು ಉಳಿಯಿತು.