ಸಿಂಕ್ ಕೆಳಗಿನ ಉಬ್ಬಿದ ಹಲಗೆ: ನನ್ನ ಅನುಭವ

ಒಂದೇ ಬಾರಿಗೆ ಹಣ ಹೊಂದಿಸಲಾಗದ ಕಾರಣ ನಾವಿಬ್ಬರೂ ಅಡುಗೆಮನೆಯನ್ನು ಕಂತುಗಳಲ್ಲಿ ಹೊಸದು ಮಾಡುತ್ತಿದ್ದೇವೆ. ಮೊದಲು ಗ್ರಾನೈಟ್ ಕಟ್ಟೆ, ಆಮೇಲೆ ಕೆಳಗಿನ ಕಪಾಟು. ಗೋಡೆಯ ಟೈಲ್ಸ್ ಇನ್ನೂ ಬಾಕಿ.

ಕಪಾಟು ಕೂರಿಸಿದ ನಾಲ್ಕೇ ತಿಂಗಳಿಗೆ ಸಿಂಕ್ ಕೆಳಗಿನ ಹಲಗೆ ಹಪ್ಪಳದಂತೆ ಉಬ್ಬಿತು. ಪ್ಲಂಬರ್ ಎರಡು ಸಲ ಬಂದು ಪೈಪಿನ ವಾಷರ್ ಬದಲಿಸಿದರು, ದುಡ್ಡು ಪಡೆದರು. ಒದ್ದೆ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಹೆಂಡತಿಗೆ ಒಂದು ಉಪಾಯ ಹೊಳೆಯಿತು. ಕಪಾಟಿನೊಳಗೆ ಹಳೆಯ ದಿನಪತ್ರಿಕೆ ಹಾಸಿ, ಸಿಂಕ್ ತುಂಬಿಸಿ ಒಮ್ಮೆಲೇ ನೀರು ಬಿಟ್ಟೆವು. ಕಾಗದ ಒಣಗಿಯೇ ಇತ್ತು. ನಂತರ ಕಟ್ಟೆಯ ಮೇಲೆ ಒಂದು ಚೊಂಬು ನೀರು ಸುರಿದೆವು. ಹತ್ತು ನಿಮಿಷದಲ್ಲಿ ಹಿಂಬದಿಯ ಕಾಗದ ತೊಯ್ದಿತ್ತು! ತಪ್ಪು ಪೈಪಿನದಲ್ಲ, ಟೈಲ್ಸ್ ಕೆಲಸವನ್ನು ಮುಂದೂಡಿದ್ದರಿಂದ ಕಲ್ಲಿಗೂ ಗೋಡೆಗೂ ನಡುವೆ ಉಳಿದ ಸಂದಿನದು.

ಸಂದನ್ನು ಕೆರೆದು, ಎರಡು ದಿನ ಒಣಗಲು ಬಿಟ್ಟು, ಸಿಲಿಕೋನ್ ಸೀಲೆಂಟ್ ತುಂಬಿದೆ. ಕೊಳ್ಳುವಾಗ 'ನ್ಯೂಟ್ರಲ್' ಬಗೆಯದನ್ನೇ ಕೇಳಿ. ವಿನೆಗರ್ ವಾಸನೆಯದು ಕೆಲವು ಕಲ್ಲುಗಳಿಗೆ ಕಲೆ ಮಾಡುತ್ತದೆ. 24 ಗಂಟೆ ನೀರು ಸೋಕಿಸಲಿಲ್ಲ.

ಹಲಗೆಯ ವಿಷಯದಲ್ಲಿ ತಪ್ಪು ನನ್ನದೇ. ಅಗ್ಗವೆಂದು ಎಂಆರ್ ದರ್ಜೆಯ ಪ್ಲೈವುಡ್ ಆರಿಸಿದ್ದೆ. ಅದು ತೇವವನ್ನು ತುಸು ತಡೆಯುತ್ತದೆ, ನಿಂತ ನೀರನ್ನಲ್ಲ. ಈಗ ಸಿಂಕ್ ಕೆಳಗಷ್ಟೇ ಐಎಸ್ 710 ಗುರುತಿನ, ಅಂದರೆ ನೀರನ್ನು ತಾಳುವ ಮರೈನ್ ಪ್ಲೈವುಡ್‌ನ ಹಲಗೆ ಹಾಕಿಸಿ, ಕತ್ತರಿಸಿದ ಅಂಚುಗಳಿಗೂ ಬಣ್ಣ ಬಳಿದಿದ್ದೇವೆ. ಮಳೆಗಾಲ ಮುಗಿದಿದೆ, ಕಾಗದ ಇನ್ನೂ ಅಲ್ಲೇ ಇದೆ, ಒಣಗಿಯೇ ಇದೆ.