ಮಾರುತಿ 800ರ ಹೆಡ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಿಸುವುದು ಹೇಗೆ?

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಆದರೂ ನಮ್ಮ ಊರುಗಳ ರಸ್ತೆಯಲ್ಲಿ ಅದು ಇನ್ನೂ ಓಡುತ್ತಲೇ ಇದೆ. ಅದರಲ್ಲೂ ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಯ ಎಂಜಿನ್ (ಎಫ್8ಬಿ, 796 ಸಿಸಿ, ಮೂರು ಸಿಲಿಂಡರ್, ಒಂದೊಂದಕ್ಕೂ ಎರಡೇ ವಾಲ್ವ್) ಮನೆಯಂಗಳದಲ್ಲಿ ಹೆಡ್ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ) ಇಳಿಸುವಷ್ಟು ಸರಳ. ಸೆನ್ಸರ್‌ಗಳಿಲ್ಲ, ಇಕ್ಕಟ್ಟಿಲ್ಲ, ಬಿಡಿಭಾಗ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ.

ಈ ಎಂಜಿನ್ನಿನ ಬ್ಲಾಕ್ (ಪಿಸ್ಟನ್ ಓಡುವ ಕೆಳಭಾಗ) ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಈ ಎರಡರ ನಡುವೆ ಕುಳಿತ ಗ್ಯಾಸ್ಕೆಟ್, ಉರಿಯುವ ಗ್ಯಾಸ್, ಕೂಲೆಂಟ್ (ಎಂಜಿನ್ ತಣಿಸುವ ದ್ರವ), ಆಯಿಲ್ ಮೂರೂ ಒಂದಕ್ಕೊಂದು ಸೇರದಂತೆ ತಡೆಯಬೇಕು. ಎಂಜಿನ್ ಮಿತಿಮೀರಿ ಕಾದರೆ ಹೆಡ್ ಡೊಂಕಾಗುತ್ತದೆ, ಗ್ಯಾಸ್ಕೆಟ್ ಮೇಲಿನ ಒತ್ತಡ ಒಂದು ಕಡೆ ಸಡಿಲವಾಗುತ್ತದೆ, ಅಲ್ಲಿಂದ ಸೋರಿಕೆ ಶುರು. ತಾನಾಗಿಯೇ ಕೆಟ್ಟ ಗ್ಯಾಸ್ಕೆಟ್ ಅಪರೂಪ. ಡೊಂಕಾದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕೆಲಸ. ಆದ್ದರಿಂದ ಬಿಚ್ಚಿ ಜೋಡಿಸುವುದಕ್ಕಿಂತ ಶುಚಿಮಾಡುವುದಕ್ಕೆ, ಅಳೆಯುವುದಕ್ಕೆ, ಕಾದ ಕಾರಣ ಹುಡುಕುವುದಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ.

ಮೊದಲು ಖಾತ್ರಿ ಮಾಡಿಕೊಳ್ಳಿ

ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿ ಬಣ್ಣದ ಲೋಳೆ ಕಂಡರೆ ತಕ್ಷಣ ತೀರ್ಮಾನಕ್ಕೆ ಬರಬೇಡಿ. ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಮಳೆಗಾಲದಲ್ಲಿ, ಬರೀ ತೇವದಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ ಆಯಿಲಿಗೆ ನೀರು ಸೇರಿದೆ ಎಂದು ಅರ್ಥ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ, ಹೊರಗೆಲ್ಲೂ ತೊಟ್ಟಿಕ್ಕದೆ ಕಡಿಮೆಯಾಗುವ ಕೂಲೆಂಟ್, ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಗಟ್ಟಿಯಾಗುವ ರೇಡಿಯೇಟರ್ ಹೋಸ್ ಇವು ಹೆಚ್ಚು ನಂಬಬಹುದಾದ ಲಕ್ಷಣಗಳು.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ವಾಟರ್ ಪಂಪಿನ ಬೆಲ್ಟ್ ಕಳಚಿ, ರೇಡಿಯೇಟರ್ ಕತ್ತಿನವರೆಗೆ ನೀರು ತುಂಬಿಸಿ, ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ. ಪಂಪ್ ತಿರುಗದ ಕಾರಣ ನೀರು ನಿಂತೇ ಇರುತ್ತದೆ. ಆಗಲೂ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಕಂಪ್ರೆಷನ್ ಗೇಜ್ (ಸಿಲಿಂಡರಿನ ಒಳಒತ್ತಡ ಅಳೆಯುವ ಮೀಟರ್) ಸಿಕ್ಕರೆ ಇನ್ನೂ ಒಳ್ಳೆಯದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಒಂದೇ ಸಿಲಿಂಡರ್ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ತೊಂದರೆ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ರೇಡಿಯೇಟರಿಗೆ ಸುರಿಯುವ ‘ಲೀಕ್ ಸ್ಟಾಪ್’ ದ್ರಾವಣಗಳ ಆಸೆಗೆ ಬೀಳಬೇಡಿ. ಅವು ಸೋರುವ ಜಾಗಕ್ಕಿಂತ ಮೊದಲು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚುತ್ತವೆ.

ಏನೇನು ತಂದಿಟ್ಟುಕೊಳ್ಳಬೇಕು

ಹೆಡ್ ಗ್ಯಾಸ್ಕೆಟ್ ಒಂದನ್ನೇ ತರಬೇಡಿ, ಹೆಡ್ ಸೆಟ್ ಕೇಳಿ. ಅದರಲ್ಲಿ ಎರಡೂ ಮ್ಯಾನಿಫೋಲ್ಡ್ (ಹೆಡ್ಡಿಗೆ ಗಾಳಿ-ಪೆಟ್ರೋಲ್ ತರುವ, ಹೊಗೆ ಒಯ್ಯುವ ಕೊಳವೆಗಳು) ಗ್ಯಾಸ್ಕೆಟ್, ಹೆಡ್ ಕವರ್ ಗ್ಯಾಸ್ಕೆಟ್, ವಾಲ್ವ್ ಸೀಲ್ ಇವೆಯೇ ನೋಡಿಕೊಳ್ಳಿ. ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಟಕ್ಕೆ ತಕ್ಕಂತೆ ವಾಲ್ವ್ ತೆರೆಸುವ ಹಲ್ಲಿನ ಬೆಲ್ಟ್) ಹೇಗೂ ಹೊರಬರುವುದರಿಂದ ಹೊಸದು ಹಾಕಿ. ಹೊಸ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಭಾಗ), ರೇಡಿಯೇಟರ್ ಮುಚ್ಚಳ, ಆಯಿಲ್ ಫಿಲ್ಟರ್, ಮೂರು ಲೀಟರ್ ಎಂಜಿನ್ ಆಯಿಲ್, ಎರಡು ಲೀಟರ್ ಗಾಢ ಕೂಲೆಂಟ್, ಅಷ್ಟೇ ಡಿಸ್ಟಿಲ್ಡ್ ವಾಟರ್ ಇರಲಿ. ಸಾಕೆಟ್ ಸೆಟ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ನೇರವಾದ ಉಕ್ಕಿನ ಅಳತೆಪಟ್ಟಿ, ಪ್ಲಾಸ್ಟಿಕ್ ಸ್ಕ್ರೇಪರ್, ಜ್ಯಾಕ್ ಸ್ಟ್ಯಾಂಡ್ ಬೇಕು. ಟಾರ್ಕ್ ರೆಂಚ್ (ಬಿಗಿತ ಎಷ್ಟೆಂದು ತೋರಿಸುವ ಪಾನಾ) ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ, ಬಾಡಿಗೆಗಾದರೂ ತನ್ನಿ. ‘ಕೈ ಅಂದಾಜು’ ಎಷ್ಟೇ ಪಳಗಿದ್ದರೂ ಎಂಟು ಬೋಲ್ಟನ್ನು ಒಂದೇ ಸಮ ಬಿಗಿಯುವುದು ಅದರಿಂದ ಆಗುವುದಿಲ್ಲ.

ಎಕ್ಸಾಸ್ಟ್ ಕಡೆಯ ನಟ್‌ಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ತುಕ್ಕು ಹಿಡಿದ ಸ್ಟಡ್ ಮುರಿದರೆ ಅರ್ಧ ದಿನದ ಕೆಲಸ ಹೆಚ್ಚುತ್ತದೆ.

ಬಿಚ್ಚುವುದು

ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಮೇಲೆ ಮಾತ್ರ ಕೆಲಸ ಶುರುಮಾಡಿ. ಬಿಸಿಯಿರುವಾಗ ಹೆಡ್ ಬೋಲ್ಟ್ ಸಡಿಲಿಸಿದರೆ ನೆಟ್ಟಗಿದ್ದ ಹೆಡ್ಡೂ ಡೊಂಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ ಮುಚ್ಚಿಡಿ, ನೆಲಕ್ಕೆ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ದನಕರು ನೆಕ್ಕುತ್ತವೆ, ಅದು ವಿಷ. ಆಯಿಲನ್ನೂ ಈಗಲೇ ಇಳಿಸಿ.

ಏರ್ ಕ್ಲೀನರ್, ಆಕ್ಸಿಲರೇಟರ್ ಮತ್ತು ಚೋಕ್ ಕೇಬಲ್, ಪೆಟ್ರೋಲ್ ಪೈಪ್, ವ್ಯಾಕ್ಯೂಮ್ ಹೋಸ್‌ಗಳನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಪ್ರತಿ ಹೋಸಿಗೂ ಅದು ಕೂರುವ ಜಾಗಕ್ಕೂ ಒಂದೇ ನಂಬರಿನ ಟೇಪ್ ಅಂಟಿಸಿ. ಪೆಟ್ರೋಲ್ ಪೈಪಿನ ಬಾಯಿಗೆ ಬೂಚು ಹಾಕಿ. ಕಾರ್ಬ್ಯುರೇಟರನ್ನು ಮ್ಯಾನಿಫೋಲ್ಡಿನಿಂದ ಬೇರ್ಪಡಿಸದೆ ಜೊತೆಯಲ್ಲೇ ಇಳಿಸಿದರೆ ಸೋರಬಹುದಾದ ಒಂದು ಜಾಗ ಕಡಿಮೆಯಾಗುತ್ತದೆ. ಸೈಲೆನ್ಸರ್ ಪೈಪನ್ನು ಮ್ಯಾನಿಫೋಲ್ಡಿನಿಂದ ಬಿಡಿಸಿ.

ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಪಾನಾದಿಂದ ತಿರುಗಿಸಿ ಕ್ಯಾಮ್ (ವಾಲ್ವ್ ತೆರೆಯುವ ಮೇಲಿನ ದಂಡ) ಪುಲ್ಲಿಯ ಗುರುತು, ಕ್ರ್ಯಾಂಕ್ ಪುಲ್ಲಿಯ ಗುರುತು ತಮ್ಮ ತಮ್ಮ ಎದುರಿನ ಗುರುತಿಗೆ ಸೇರುವಂತೆ ಮಾಡಿ. ಆಗ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಮುಚ್ಚಳ ತೆಗೆದು ಒಳಗೆ ತಿರುಗುವ ರೋಟರ್ ಯಾವ ಕಡೆ ಮುಖಮಾಡಿದೆ, ಡಿಸ್ಟ್ರಿಬ್ಯೂಟರ್ ಬಾಡಿ ಎಲ್ಲಿ ಕೂತಿದೆ ಎಂಬುದಕ್ಕೆ ಗೆರೆ ಎಳೆದುಕೊಳ್ಳಿ. ನಂತರ ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಇಲ್ಲಿಂದ ಮುಂದೆ ಕ್ರ್ಯಾಂಕ್, ಕ್ಯಾಮ್ ಯಾವುದನ್ನೂ ತಿರುಗಿಸಬೇಡಿ.

ಹೆಡ್ ಕವರ್ ತೆಗೆದು ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ (ವಾಲ್ವ್ ತಲೆಯ ಮೇಲಿನ ಸಂದು ಹೊಂದಿಸುವ ಸ್ಕ್ರೂಗಳು) ಸಡಿಲಿಸಿ. ಹೆಡ್ ಬೋಲ್ಟ್‌ಗಳನ್ನು ಹೊರತುದಿಯಿಂದ ನಡುವಿನ ಕಡೆಗೆ, ಎದುರುಬದುರಾಗಿ, ಮೊದಲ ಸುತ್ತಿನಲ್ಲಿ ಕಾಲು ತಿರುವು, ಎರಡನೆಯದರಲ್ಲಿ ಅರ್ಧ ತಿರುವು, ಹೀಗೆ ಮೂರು ಸುತ್ತಿನಲ್ಲಿ ಬಿಚ್ಚಿ. ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಸಾಕು, ಅಲ್ಲಿಂದಲೇ ಸೋರುತ್ತದೆ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ, ಇಬ್ಬರು ಸೇರಿ ನೇರ ಮೇಲಕ್ಕೆ ಎತ್ತಿ, ಎರಡು ಮರದ ತುಂಡುಗಳ ಮೇಲಿಡಿ. ನೆಲಕ್ಕೆ ಬೋರಲು ಇಟ್ಟರೆ ತೆರೆದ ವಾಲ್ವ್ ಬಾಗುತ್ತದೆ.

ಹಳೆಯ ಗ್ಯಾಸ್ಕೆಟನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಸಿಲಿಂಡರಿನ ಉಂಗುರದಿಂದ ನೀರಿನ ತೂತಿಗೆ ಹೋದ ಕಪ್ಪು ಗೆರೆ, ಎರಡು ಸಿಲಿಂಡರ್ ನಡುವೆ ಸುಟ್ಟ ಪಟ್ಟಿ ಇದ್ದಲ್ಲಿ ಹೆಡ್ ಮತ್ತು ಬ್ಲಾಕನ್ನು ಹೆಚ್ಚು ಎಚ್ಚರದಿಂದ ಅಳೆಯಬೇಕು. ಮೂರು ಪಿಸ್ಟನ್ನಿನಲ್ಲಿ ಒಂದು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ನೀರು ಹೋಗುತ್ತಿದ್ದದ್ದು ಅಲ್ಲಿಗೇ.

ಶುಚಿ ಮತ್ತು ಅಳತೆ

ಸಿಲಿಂಡರ್, ನೀರು, ಆಯಿಲ್ ದಾರಿಗಳಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಗ್ರೈಂಡರಿಗೆ ಹಾಕುವ ಎಮರಿ ಚಕ್ರ ಇಲ್ಲಿ ಬೇಡವೇ ಬೇಡ. ಅದು ಹೆಡ್ಡಿನಲ್ಲಿ ಕಣ್ಣಿಗೆ ಕಾಣದ ತಗ್ಗು ಮಾಡುತ್ತದೆ, ಅದರ ಪುಡಿ ಆಯಿಲ್ ದಾರಿಗೆ ಸೇರಿದರೆ ಬೇರಿಂಗ್ ತಿನ್ನುತ್ತದೆ. ಕೊನೆಗೆ ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ ಎಣ್ಣೆ ಜಿಡ್ಡು ತೆಗೆಯಿರಿ.

ಬ್ಲಾಕಿನ ಬೋಲ್ಟ್ ತೂತುಗಳ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಹೆಡ್ ಎತ್ತುವಾಗ ಅವುಗಳೊಳಗೆ ಕೂಲೆಂಟ್, ಆಯಿಲ್ ಇಳಿದಿರುತ್ತದೆ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲ. ಒಂದೋ ಟಾರ್ಕ್ ರೆಂಚ್ ಸುಳ್ಳು ಅಂಕಿ ತೋರಿಸಿ ಬೋಲ್ಟ್ ಸಡಿಲ ಉಳಿಯುತ್ತದೆ, ಇಲ್ಲವೇ ಬ್ಲಾಕೇ ಬಿರುಕು ಬಿಡುತ್ತದೆ. ಕನ್ನಡಕ ಹಾಕಿಕೊಂಡು ಗಾಳಿ ಹೊಡೆದು ಪ್ರತಿ ತೂತನ್ನೂ ಒಣಗಿಸಿ. ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ವೈರ್ ಬ್ರಷ್ ಹಾಕಿ, ಬೆರಳಲ್ಲಿ ಸಲೀಸಾಗಿ ಕೊನೆಯವರೆಗೆ ಇಳಿಯುತ್ತದೆಯೇ ನೋಡಿ.

ಈಗ ಅಳತೆ. ಪಟ್ಟಿಯನ್ನು ಹೆಡ್ ಮೇಲೆ ಅಂಚಿಗೆ ನಿಲ್ಲಿಸಿ ಉದ್ದಕ್ಕೆ ಎರಡು ಕಡೆ, ಅಡ್ಡಕ್ಕೆ ಎರಡು ಕಡೆ, ಮೂಲೆಯಿಂದ ಮೂಲೆಗೆ ಎರಡು ಸಲ ಇಟ್ಟು, ಅಡಿಯಲ್ಲಿ 0.05 ಮಿ.ಮೀ. ಫೀಲರ್ ತೂರಿಸಿ ನೋಡಿ. ಎಲ್ಲಾದರೂ ತೂರಿದರೆ ಹೆಡ್ಡನ್ನು ಲೇಥ್ ಅಂಗಡಿಗೆ ಫೇಸಿಂಗಿಗೆ (ಮೈ ಕೆತ್ತಿ ಸಮ ಮಾಡಲು) ಕೊಡಬೇಕು. ಬ್ಲಾಕನ್ನೂ ಹೀಗೆಯೇ ನೋಡಿ. ‘ಸಮ ಆಗುವಷ್ಟು ಮಾತ್ರ ತೆಗೆಯಿರಿ’ ಎಂದು ಒತ್ತಿ ಹೇಳಿ. ಹೆಚ್ಚು ಕೆತ್ತಿದರೆ ಕಂಪ್ರೆಷನ್ ಏರಿ ಎಂಜಿನ್ ಬಡಿದುಕೊಳ್ಳುತ್ತದೆ, ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ವಾಲ್ವ್ ಟೈಮಿಂಗ್ ಹಿಂದೆ ಬೀಳುತ್ತದೆ. ಎಂಜಿನ್ ಬಹಳ ಕಾದಿದ್ದರೆ ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ಎಂದು ಪ್ರೆಷರ್ ಟೆಸ್ಟ್ ಅಲ್ಲೇ ಮಾಡಿಸಿ. ಬಿರುಕಿನ ಹೆಡ್ಡಿಗೆ ಗ್ಯಾಸ್ಕೆಟ್ ಪರಿಹಾರವಲ್ಲ. ವಾಲ್ವ್ ಸೀಲ್ ಬದಲಿಸಲೂ ಇದೇ ಸಮಯ.

ಜೋಡಿಸುವುದು

ಗ್ಯಾಸ್ಕೆಟನ್ನು ‘ಟಾಪ್’ ಗುರುತು ಮೇಲೆ ಬರುವಂತೆ ಒಣ ಬ್ಲಾಕಿನ ಮೇಲೆ ಕೂರಿಸಿ, ಆಯಿಲ್ ತೂತು ಸರಿಯಾಗಿ ತೆರೆದಿದೆಯೇ ನೋಡಿ. ಕೆಲವು ನೀರಿನ ತೂತು ಬ್ಲಾಕಿನದಕ್ಕಿಂತ ಚಿಕ್ಕದಿರಬಹುದು. ನೀರು ಎಲ್ಲ ಸಿಲಿಂಡರಿಗೂ ಹಂಚಿಹೋಗಲೆಂದು ಹಾಗೆ ಮಾಡಿದ್ದು, ಕೊರೆದು ದೊಡ್ಡದು ಮಾಡಬೇಡಿ. ಸಿಲಿಕೋನ್ ಪೇಸ್ಟ್, ಶೆಲ್ಲಾಕ್ ಯಾವುದನ್ನೂ ಹಚ್ಚಬೇಡಿ. ಒತ್ತಿ ಹೊರಬಂದ ಪೇಸ್ಟ್ ಆಯಿಲ್ ದಾರಿ ಮುಚ್ಚುತ್ತದೆ.

ಹೆಡ್ಡನ್ನು ನೇರವಾಗಿ ಇಳಿಸಿ. ಬೋಲ್ಟಿನ ಮರೆಗೂ ತಲೆಯ ಅಡಿಗೂ ತೆಳ್ಳಗೆ ಎಂಜಿನ್ ಆಯಿಲ್ ಸವರಿ ಕೈಯಲ್ಲೇ ಕೂರಿಸಿ. ಬಿಗಿಯುವುದು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಮೂರು ಸುತ್ತು. ಮೊದಲು 20, ಆಮೇಲೆ 40, ಕೊನೆಗೆ 55ರಿಂದ 60 ನ್ಯೂಟನ್ ಮೀಟರ್ ಒಳಗೆ ಎಲ್ಲಕ್ಕೂ ಒಂದೇ ಅಂಕಿ. ರೆಂಚಿನಲ್ಲಿ ಕೆ.ಜಿ. ಮೀಟರ್ ಇದ್ದರೆ 2, 4, 5.5ರಿಂದ 6. ರೆಂಚನ್ನು ಜಗ್ಗದೆ ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಈ ಅಂಕಿಗಳು ಎಫ್8ಬಿ ಎಂಜಿನ್ನಿಗೆ ಮಾತ್ರ. ಹೊಸ ಕಾರುಗಳಲ್ಲಿ ಟಾರ್ಕ್ ಆದಮೇಲೆ ಇಂತಿಷ್ಟು ಡಿಗ್ರಿ ತಿರುಗಿಸುವ, ಒಂದೇ ಸಲ ಬಳಸುವ ಬೋಲ್ಟ್ ಇರುತ್ತದೆ. ಅಲ್ಲಿ ಆ ಮಾದರಿಯ ಸರ್ವಿಸ್ ಮ್ಯಾನುಯಲ್ ಹೇಳಿದ್ದೇ ಲೆಕ್ಕ.

ಟೈಮಿಂಗ್ ಗುರುತುಗಳನ್ನು ಸೇರಿಸಿ ಹೊಸ ಬೆಲ್ಟ್ ಹಾಕಿ, ಟೆನ್ಷನರ್ ಬಿಗಿಯಿರಿ. ಕ್ರ್ಯಾಂಕನ್ನು ಪಾನಾದಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಸೇರಬೇಕು. ಒಂದು ಹಲ್ಲು ತಪ್ಪಿದರೂ ಬೆಲ್ಟ್ ತೆಗೆದು ಮತ್ತೆ ಹಾಕಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ.

ಟ್ಯಾಪೆಟ್ ಸೆಟ್ಟಿಂಗಿಗೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-2 ನೆನಪಿಡಿ. ರೋಟರ್ ಒಂದನೇ ಪ್ಲಗ್ಗಿನ ವೈರಿನ ಕಡೆ ಬಂದಾಗ ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುತ್ತವೆ. ತಣ್ಣಗಿರುವಾಗ ಸಂದು 0.13ರಿಂದ 0.18 ಮಿ.ಮೀ. ಇರಬೇಕು, 0.15ರ ಫೀಲರ್ ಲಘುವಾಗಿ ಹಿಡಿದುಕೊಂಡು ಜಾರಿದರೆ ಸರಿ. ಕ್ರ್ಯಾಂಕನ್ನು 240 ಡಿಗ್ರಿ ತಿರುಗಿಸಿದರೆ ರೋಟರ್ ಮೂರರ ಕಡೆ, ಇನ್ನೊಂದು 240ಕ್ಕೆ ಎರಡರ ಕಡೆ ಬರುತ್ತದೆ. ಸಂದು ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡಬಹುದು.

ಮ್ಯಾನಿಫೋಲ್ಡ್, ಕೇಬಲ್, ಹೋಸ್‌ಗಳು ಟೇಪಿನ ನಂಬರಿನಂತೆ ಕೂರಲಿ. ಹೊಸ ಫಿಲ್ಟರ್ ಹಾಕಿ, ಡಿಪ್‌ಸ್ಟಿಕ್ ನೋಡುತ್ತಾ ಆಯಿಲ್ ತುಂಬಿಸಿ.

ಕಾದದ್ದು ಯಾಕೆ?

ಸ್ಟಾರ್ಟ್ ಮಾಡುವ ಮೊದಲೇ ಇದನ್ನು ಬಗೆಹರಿಸಿ. ಬೋರ್‌ವೆಲ್ ನೀರು ಹಾಕುತ್ತಾ ಬಂದ ಕಾರಿನ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರುತ್ತದೆ. ಮೇಲಿನಿಂದ ನೀರು ಸುರಿದಾಗ ಕೆಳಗಿನ ಬಾಯಿಂದ ಧಾರಾಳವಾಗಿ ಬರದಿದ್ದರೆ ಬಿಚ್ಚಿಸಿ ರಾಡ್ ಹೊಡೆಸಿ (ಕೊಳವೆಗಳೊಳಗೆ ಸಲಾಕೆ ಓಡಿಸಿ ಸುಣ್ಣ ತೆಗೆಸಿ) ಅಥವಾ ಬದಲಿಸಿ. ಫ್ಯಾನ್ ಸ್ವಿಚ್ಚಿನ ಎರಡು ವೈರ್ ಸೇರಿಸಿ ಇಗ್ನಿಷನ್ ಆನ್ ಮಾಡಿದಾಗ ಫ್ಯಾನ್ ತಿರುಗಿದರೆ ಮೋಟಾರ್ ಚೆನ್ನಾಗಿದೆ, ಬಿಸಿಯಾದಾಗ ತಿರುಗದಿದ್ದರೆ ಸ್ವಿಚ್ ಕೆಟ್ಟಿದೆ. ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ಕಾಯಿಸುತ್ತಾ, ಕುದಿ ಬರುವ ಮೊದಲೇ ಬಾಯಿ ತೆರೆಯುತ್ತದೆಯೇ ನೋಡಿ. ‘ನಮ್ಮೂರ ಸೆಖೆಗೆ ಇದು ಬೇಡ’ ಎಂದು ಕಿತ್ತೆಸೆಯುವ ಚಾಳಿ ತಪ್ಪು. ಅದಿಲ್ಲದ ಎಂಜಿನ್ ತನ್ನ ಸರಿಯಾದ ಬಿಸಿಗೆ ಬರುವುದು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ವಾಟರ್ ಪಂಪಿನ ಪುಲ್ಲಿ ಅಲ್ಲಾಡಿದರೆ ಅದನ್ನೂ ಈಗಲೇ ಬದಲಿಸಿ.

ಮೊದಲ ಸ್ಟಾರ್ಟ್

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಸಮ ಬೆರೆಸಿ ನಿಧಾನವಾಗಿ ತುಂಬಿಸಿ. ಹೀಟರ್ ಇದ್ದರೆ ಬಿಸಿಯ ಕಡೆ ತಿರುಗಿಸಿಡಿ. ಪ್ಲಗ್ ವೈರ್ ತೆಗೆದು ಆಯಿಲ್ ದೀಪ ಆರುವವರೆಗೆ ಸ್ಟಾರ್ಟರ್ ಹೊಡೆದು, ವೈರ್ ಹಾಕಿ ಸ್ಟಾರ್ಟ್ ಮಾಡಿ. ರೇಡಿಯೇಟರ್ ಮುಚ್ಚಳ ತೆರೆದೇ ಐಡಲಿಂಗಿನಲ್ಲಿ ಬಿಡಿ, ಮುಖ ಬಗ್ಗಿಸಬೇಡಿ. ಥರ್ಮೋಸ್ಟಾಟ್ ತೆರೆದಾಗ ಸಿಕ್ಕಿಕೊಂಡ ಗಾಳಿ ಹೊರಬಂದು ನೀರು ಕೆಳಗಿಳಿಯುತ್ತದೆ, ತುಂಬಿಸಿ ಮುಚ್ಚಿ. ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವುದನ್ನು ನೋಡುವವರೆಗೆ ಕಾರಿನ ಹತ್ತಿರವೇ ಇರಿ. ಹೊಸ ಗ್ಯಾಸ್ಕೆಟ್, ಸವರಿದ ಆಯಿಲ್ ಸುಡುವ ಸ್ವಲ್ಪ ಹೊಗೆ ಮೊದಲಿಗೆ ಬರುತ್ತದೆ, ನಿಲ್ಲುತ್ತದೆ.

ಗ್ಯಾಸ್ಕೆಟ್ ಪೊಟ್ಟಣದ ಮೇಲೆ ಮರುಬಿಗಿತ ಹೇಳಿದ್ದರೆ ಮರುದಿನ ಎಂಜಿನ್ ತಣ್ಣಗಿರುವಾಗ ಅದೇ ಕ್ರಮದಲ್ಲಿ, ಅದೇ ಅಂಕಿಗೆ ಬಿಗಿಯಿರಿ, ಆಮೇಲೆ ಟ್ಯಾಪೆಟ್ ಸಂದನ್ನು ಮತ್ತೊಮ್ಮೆ ನೋಡಿ. ಹಳೆಯ ಆಯಿಲಿಗೆ ನೀರು ಸೇರಿದ್ದರೆ ಈಗ ಹಾಕಿದ ಆಯಿಲ್ ತೊಳೆಯುವುದಕ್ಕಷ್ಟೇ. ಸುಮಾರು 500 ಕಿ.ಮೀ. ಓಡಿದ ಮೇಲೆ ಫಿಲ್ಟರ್ ಸಮೇತ ಬದಲಿಸಿ. ಮೊದಲ ಎರಡು ವಾರ ಪ್ರತಿದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕೂಲೆಂಟ್ ಮಟ್ಟ ಮತ್ತು ಡಿಪ್‌ಸ್ಟಿಕ್ ಎರಡನ್ನೂ ನೋಡಿ.